ಪಂಚಾಂಗದಡಿ ಸೋರುವ ನೀರನ್ನು ಟೈಲ್ಸ್ ಹಾಕಿ ಮುಚ್ಚಬೇಡಿ

ಮನೆ ಕಟ್ಟುವಾಗ ನಮ್ಮವರು ಯಾವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ? ಎದುರಿನ ಎಲಿವೇಶನ್, ಸಿಟೌಟಿನ ಗ್ರಾನೈಟ್, ಹಾಲ್‌ನ ಸೀಲಿಂಗ್. ಪಂಚಾಂಗದ ಮಣ್ಣಿನೊಳಗೆ ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕೇಳುವವರು ಕಡಿಮೆ. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಕಟ್ಟಿದ ಮನೆ ಹಾಳಾಗಲು ಆ ಪೈಪಿನ ಒಂದು ಜಾಯಿಂಟ್ ಸಾಕು.

ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಲೆಕ್ಕ ಹಿಡಿದರೂ ದಿನಕ್ಕೆ 21 ಲೀಟರ್, ವರ್ಷಕ್ಕೆ 7,800 ಲೀಟರ್ ದಾಟುತ್ತದೆ. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಅಂತ ಮಕ್ಕಳಿಗೆ ಕಲಿಸುವವರು ನಾವು. ನೆಲದಡಿ ಹೋಗುವ ನೀರಿಗೂ ಆ ಮಾತು ಅನ್ವಯಿಸಬೇಕಲ್ಲವೇ?

ನೀರಿನ ನಷ್ಟಕ್ಕಿಂತ ದೊಡ್ಡದು ಮಣ್ಣಿನ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಮೇಲೆ ಗಟ್ಟಿ ಕೆಂಪು ಕಲ್ಲು, ಅನೇಕ ಕಡೆ ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಕೊಚ್ಚಿಯೂ ಹೋಗುತ್ತದೆ. ಆಗ ನೆಲ ಕುಸಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಗೋಡೆ ಬಿರುಕು ಬಿಟ್ಟಾಗ ಮನೆಗೆ ಏನೋ ದೋಷ ತಗಲಿದೆ ಅಂತ ಉಸ್ತಾದರನ್ನು ಕರೆಯುವವರೂ ಉಂಟು. ಮೊದಲು ಕರೆಯಬೇಕಾದದ್ದು ಪ್ಲಂಬರನ್ನು.

ಗುರುತು ಹಿಡಿಯುವುದು ಕಷ್ಟವಿಲ್ಲ. ಮಳೆಗಾಲದಲ್ಲಿ ಮಾತ್ರ ಗೋಡೆಯ ಬುಡ ಒದ್ದೆಯಾದರೆ ಅದು ಹೆಚ್ಚಾಗಿ ನೆಲದಿಂದ ಏರುವ ತೇವ. ಏಪ್ರಿಲ್-ಮೇ ಬಿಸಿಲಿಗೂ ಆರದಿದ್ದರೆ ಪೈಪಿನ ಮೇಲೆ ಸಂಶಯ ಪಡಬೇಕು. ಟೈಲ್ಸ್ ತಟ್ಟಿದರೆ ಟೊಳ್ಳು ಶಬ್ದ, ಬುಡದಲ್ಲಿ ಪೈಂಟ್ ಏಳುವುದು, ಸೋಲಾರ್ ಬಿಸಿನೀರಿನ ಲೈನ್ ಹೋದ ಕಡೆ ನೆಲ ಬೆಚ್ಚಗಿರುವುದು, ಟ್ಯಾಂಕ್ ಬೇಗ ಖಾಲಿಯಾಗುವುದು ಇವೆಲ್ಲ ಲಕ್ಷಣಗಳೇ.

ಬಾವಿಯಿಂದ ಟ್ಯಾಂಕಿಗೆ ನೀರು ಏರಿಸುವ ಮನೆಗಳಲ್ಲಿ ಮೀಟರ್ ನೋಡಿ ಪ್ರಯೋಜನವಿಲ್ಲ. ಇಶಾದ ನಂತರ ಟ್ಯಾಂಕ್ ತುಂಬಿಸಿ, ಎಲ್ಲ ನಳ್ಳಿ ಮುಚ್ಚಿ, ಕೋಲು ಇಟ್ಟು ನೀರಿನ ಮಟ್ಟ ಗುರುತು ಮಾಡಿ. ಸುಬ್‌ಹಿಗೆ ಎದ್ದಾಗ ಪುನಃ ನೋಡಿ. ಇಳಿದಿದ್ದರೆ ಎಲ್ಲೋ ಸೋರಿಕೆ ಉಂಟು. ಮರುದಿನ ರಾತ್ರಿ ಟ್ಯಾಂಕಿನಿಂದ ಇಳಿಯುವ ವಾಲ್ವ್ ಮುಚ್ಚಿ ನೋಡಿ. ಆಗಲೂ ಇಳಿದರೆ ಟ್ಯಾಂಕಿನದ್ದೇ ತೊಂದರೆ. ಇಳಿಯದಿದ್ದರೆ ಮನೆಯೊಳಗಿನ ಲೈನ್. ನೆಲ ಅಗೆಯುವ ಮೊದಲು ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಬಣ್ಣ ಕಮೋಡಿಗೆ ಇಳಿದರೆ ಸೋರುವುದು ಅಲ್ಲಿ, ನೆಲದಡಿ ಅಲ್ಲ.

ಕೊಳಚೆ ಪೈಪ್ ಈ ಪರೀಕ್ಷೆಗೆ ಸಿಗುವುದಿಲ್ಲ. ಸ್ನಾನವಾದ ನಂತರ ಮಾತ್ರ ನೆಲ ಒದ್ದೆಯಾದರೆ, ವಾಸನೆ ಬಂದರೆ ಅದನ್ನು ಪರೀಕ್ಷೆ ಮಾಡಿಸಿ. ಇಲ್ಲಿ ತಡ ಮಾಡಬಾರದು. ಆ ನೀರು ಬಾವಿ ಸೇರಿದರೆ ಕಾಮಾಲೆ, ಭೇದಿ ಬರಬಹುದು. ಬಾವಿ ನಮ್ಮದೇ ಆಗಿರಬೇಕೆಂದಿಲ್ಲ, ಪಕ್ಕದ ಮನೆಯದ್ದೂ ಆಗಬಹುದು. ನೆರೆಯವರ ಹಕ್ಕಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ರಿಪೇರಿ ಎಂದರೆ ಮನೆಯಿಡೀ ಒಡೆಯುವುದಲ್ಲ. ಒಂದೊಂದೇ ಲೈನಿನ ವಾಲ್ವ್ ಮುಚ್ಚುತ್ತಾ ಬಂದರೆ ಸೋರುವ ಲೈನ್ ಯಾವುದೆಂದು ತಿಳಿಯುತ್ತದೆ. ಒಂದೇ ಜಾಯಿಂಟ್ ಹೋಗಿದ್ದರೆ ಅಲ್ಲಿ ಮಾತ್ರ ಅಗೆದು ಸರಿ ಮಾಡಬಹುದು. ತುಕ್ಕು ಹಿಡಿದ ಹಳೆಯ ಜಿಐ ಪೈಪ್ ಆದರೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೂತಾಗುತ್ತದೆ. ಅದನ್ನು ನೆಲದಲ್ಲೇ ಬಿಟ್ಟು ಹೊರಗೋಡೆಯ ಮೇಲೆ ಹೊಸ ಪೈಪ್ ಎಳೆಯುವುದೇ ಲೇಸು. ಚಂದ ಕಾಣುವುದಿಲ್ಲ ಅಂತ ಕೆಲವರು ಒಪ್ಪುವುದಿಲ್ಲ. ಕಣ್ಣಿಗೆ ಕಾಣುವ ಪೈಪ್ ಸೋರಿದರೆ ಅದೇ ದಿನ ಗೊತ್ತಾಗುತ್ತದೆ ಎಂಬುದು ಅವರಿಗೆ ನಮ್ಮ ಉತ್ತರ. ಮಣ್ಣು ಕೊಚ್ಚಿಹೋದ ಜಾಗವನ್ನು ತುಂಬಿಸಿ ದಮ್ಮಾಸು ಮಾಡದೆ ಮೇಲೆ ಟೈಲ್ಸ್ ಕೂರಿಸಬಾರದು. ಬಿರುಕು ಅಗಲವಾಗುತ್ತಿದ್ದರೆ ಇಂಜಿನಿಯರಿಗೆ ತೋರಿಸಿ.

ಬಾಡಿಗೆಯವರು ನೆಲ ಒದ್ದೆಯಾಗುತ್ತಿದೆ ಅಂದಾಗ "ನೀವು ನೀರು ಚೆಲ್ಲುತ್ತೀರಿ" ಅಂತ ಬೈಯುವ ಧನಿಗಳಿದ್ದಾರೆ. ಗಂಡ ಸೌದಿಯಲ್ಲಿ, ಇಲ್ಲಿ ಹೆಂಗಸರು ಹೇಳಿದರೆ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ದಿನವಿಡೀ ಆ ನೆಲದ ಮೇಲೆ ನಡೆಯುವವರು ಅವರು. ಅವರ ಮಾತನ್ನು ಮೊದಲು ನಂಬಬೇಕು.

ಹೊಸ ಮನೆ ಕಟ್ಟಿಸುವವರು ಮೂರು ವಿಷಯ ಪಟ್ಟು ಹಿಡಿದು ಕೇಳಿ. ಪ್ರತಿ ಬಾತ್‌ರೂಮಿಗೆ ಬೇರೆ ವಾಲ್ವ್ ಇರಲಿ. ಪೈಪನ್ನು ಕಲ್ಲಿನ ಚೂರಿನ ಮೇಲಲ್ಲ, ಮರಳಿನ ಹಾಸಿನ ಮೇಲೆ ಕೂರಿಸಲಿ. ಕಾಂಕ್ರೀಟ್ ಹಾಕುವ ಮೊದಲು ನೀರು ತುಂಬಿಸಿ ಪ್ರೆಶರ್ ಟೆಸ್ಟ್ ಮಾಡಿ, ಪೈಪ್ ಹೋದ ದಾರಿಯ ಫೋಟೋ ತೆಗೆದಿಡಲಿ. ಮೊಬೈಲ್ ಎಲ್ಲರ ಕಿಸೆಯಲ್ಲೂ ಉಂಟು. ಕುತ್ತಿಪೂಜೆಯಿಂದ ಒಕ್ಕಲಿನ ಊಟದವರೆಗೆ ಅಷ್ಟು ಫೋಟೋ ತೆಗೆಯುವಾಗ ಪೈಪಿನದ್ದೂ ನಾಲ್ಕು ಇರಲಿ.