ಕಾಸಿಗೆ ತಕ್ಕ ಕಜ್ಜಾಯ ಅನ್ನೋರಿಗೆ

1/4
ಟಿವಿ ರಿಮೋಟ್ ತಗೊಳ್ಳಿ. ಫೋನಲ್ಲಿ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿ ಅದರ ಕಡೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಏನೂ ಕಾಣಲ್ಲ, ಸ್ಕ್ರೀನ್ ಮೇಲೆ ಮಾತ್ರ ನೇರಳೆ ಬೆಳಕು ಮಿನುಗತ್ತೆ. (ಕಾಣದಿದ್ರೆ ಅಪ್ಪನ ಹಳೇ ಫೋನ್ ಟ್ರೈ ಮಾಡಿ.) ಅದೇ ಇನ್‌ಫ್ರಾರೆಡ್. ಈ ಬೆಳಕು ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯತ್ತೆ. ರಕ್ತ ಅದನ್ನ ಹೀರಿಕೊಳ್ಳತ್ತೆ, ಸುತ್ತಲಿನ ಮಾಂಸ ಚದುರಿಸಿ ವಾಪಸ್ ಕಳಿಸತ್ತೆ. ಹಾಗಾಗಿ ಕ್ಯಾಮೆರಾದಲ್ಲಿ ಕೈಯ ನರ ಕಪ್ಪು ಗೆರೆಯಾಗಿ ಕಾಣತ್ತೆ. ಆಸ್ಪತ್ರೆಯ ವೇನ್ ಫೈಂಡರ್ ಅಂದ್ರೆ ಮೂಲದಲ್ಲಿ ಇಷ್ಟೇ: ಇನ್‌ಫ್ರಾರೆಡ್ ಎಲ್‌ಇಡಿ, ಫಿಲ್ಟರ್, ಕ್ಯಾಮೆರಾ, ಸ್ಕ್ರೀನ್. ದೊಡ್ಡ ಬ್ರಾಂಡಿನ ಆಮದು ಯಂತ್ರಕ್ಕೆ ಮಾತ್ರ ಲಕ್ಷಗಳ ಲೆಕ್ಕ.

2/4
ಹೋದ ವರ್ಷ ನಮ್ಮಜ್ಜಿಗೆ ಡ್ರಿಪ್ ಹಾಕೋಕೆ ಐದು ಸಲ ಚುಚ್ಚಿದ್ರು. ನರ್ಸ್ ಅಕ್ಕನ್ನ ಬೈಯಲ್ಲ, ವಾಂತಿ ಆಗಿ ಆಗಿ ಅಜ್ಜಿ ಕೈಯಲ್ಲಿ ನರವೇ ಸಿಗ್ತಿರಲಿಲ್ಲ. ವೇನ್ ಫೈಂಡರ್ ಇಲ್ವಾ ಅಕ್ಕ ಅಂತ ಕೇಳಿದೆ. "ಅದೆಲ್ಲ ಬೆಂಗಳೂರಲ್ಲಿ ಕಣಮ್ಮ." ಅದು ಇದ್ದಿದ್ರೆ ಮೊದಲ ಸಲವೇ ಸಿಗ್ತಿತ್ತು ಅಂತ ನಾನು ಆಣೆ ಮಾಡಲ್ಲ, ಅದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ ಅನ್ನೋ ಅಧ್ಯಯನಗಳೂ ಇವೆ. ಆದ್ರೆ ಇದನ್ನ ಸ್ಟೋರಿ ಹಾಕಿದಾಗ ನೀವು ಕೊಟ್ಟ ರಿಪ್ಲೈ ಇದೆಯಲ್ಲ, "ನಮ್ಮೂರಿಗೆ ಚೀಪ್ ಪೀಸ್ ಕೊಡ್ತಾರೆ, ಕಾಸಿಗೆ ತಕ್ಕ ಕಜ್ಜಾಯ", ಜಗಳ ಇರೋದು ಅದರ ಜೊತೆ. ಬಂಗಾರಪೇಟೆ ಪಾನಿಪುರಿ ತಿನ್ನೋವಾಗ ಈ ಗಾದೆ ಎಲ್ಲಿ ಹೋಗತ್ತೆ?

3/4
ನಾವು ಬಿಕಾಂನೋರು ಕಣ್ರೋ. ಬೆಲೆ ಬೇರೆ, ತಯಾರಿ ಖರ್ಚು ಬೇರೆ ಅಂತ ಓದಿದ್ದೀವಿ. ನಿಮ್ಮನೇಲೂ ಇರೋ ಇನ್‌ಫ್ರಾರೆಡ್ ಯಂತ್ರವನ್ನೇ ನೋಡಿ: ಆಕ್ಸಿಮೀಟರ್. ಬೆರಳೊಳಗೆ ಒಂದು ಕೆಂಪು, ಒಂದು ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಯಾವುದು ಎಷ್ಟು ಉಳೀತು ಅಂತ ನೋಡಿ ಆಮ್ಲಜನಕದ ಲೆಕ್ಕ ಹೇಳತ್ತೆ. 2021ರ ಜುಲೈನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಎನ್‌ಪಿಪಿಎ, ಆಕ್ಸಿಮೀಟರ್ ಸೇರಿ ಐದು ಸಾಧನಗಳ ಲಾಭಾಂಶ ಪರಿಶೀಲಿಸಿತು. ಡಿಸ್ಟ್ರಿಬ್ಯೂಟರ್ ಬೆಲೆಯಿಂದ ಎಂಆರ್‌ಪಿಗೆ ಹೋಗೋವಾಗ 3%ರಿಂದ 709%ವರೆಗೆ ಏರಿಸಿದ್ರು. ಅಂದ್ರೆ 100 ರೂಪಾಯಿ ಮಾಲಿಗೆ 809 ರೂಪಾಯಿ! ಜುಲೈ 20ರಿಂದ 70% ಮಿತಿ ಹಾಕಿದ್ರು, ಅದೇ ಮಾಲು ಟ್ಯಾಕ್ಸ್ ಬಿಟ್ಟು 170. ಎರಡನೇ ಅಲೆಯಲ್ಲಿ ಕೊಟ್ಟ ಹೆಚ್ಚಿನ ಕಾಸಿಗೆ ಯಾವ ಕಜ್ಜಾಯ ಬಂತು?

4/4
ಇನ್ನೊಂದು ಕಡೆ ನೋಡಿ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯ್ತು. ಆಕ್ಸಿಮೀಟರ್ 92ರಿಂದ 96 ತೋರಿಸ್ತಿದ್ದಾಗ ರಕ್ತ ತೆಗೆದು ಪರೀಕ್ಷಿಸಿದ್ರೆ, ಕಪ್ಪು ಚರ್ಮದವರಲ್ಲಿ 11.7% ಸಲ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ 3.6%. ಅವು ಫುಟ್‌ಪಾತ್ ಮಾಲಲ್ಲ, ಆಸ್ಪತ್ರೆಯ ಯಂತ್ರಗಳು. ಸಾಕಷ್ಟು ಕಪ್ಪು ಬೆರಳುಗಳ ಮೇಲೆ ಪರೀಕ್ಷೆ ಮಾಡದಿದ್ರೆ ದುಬಾರಿ ಯಂತ್ರನೂ ತಪ್ಪು ಹೇಳತ್ತೆ. 2025ರ ಜನವರಿಯಲ್ಲಿ ಅಲ್ಲಿನ ಎಫ್‌ಡಿಎ ಕರಡು ನಿಯಮ ತಂತು: ಬೇರೆ ಬೇರೆ ಬಣ್ಣದ ಚರ್ಮದವರು ಸೇರಿ 150 ಜನರ ಮೇಲೆ ಪರೀಕ್ಷೆ ಆಗಲಿ ಅಂತ. ಮೊದಲು 10 ಜನ ಸಾಕಿತ್ತಂತೆ.

ಕೆಜಿಎಫ್‌ನಲ್ಲಿ ಇದು ಯಾಕೆ ಮುಖ್ಯ ಅಂತ ನಿಮಗೆ ಹೇಳಬೇಕಾ? ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಒಳಗಿಳಿದು ಬಂಡೆ ಕೊರೆದ ತಾತಂದಿರ ಎದೆಯಲ್ಲಿ ಕಲ್ಲಿನ ಧೂಳು ಈಗಲೂ ಇದೆ. ಸಿಲಿಕೋಸಿಸ್ ಇರೋರಿಗೆ 94ಕ್ಕೂ 88ಕ್ಕೂ ನಡುವೆ ಇರೋದು ಆಕ್ಸಿಜನ್ ಸಿಲಿಂಡರ್. ಯಂತ್ರ 94 ಅಂದ್ರೆ ಮನೆಗೆ ಕಳಿಸ್ತಾರೆ.

ಹಾಗಾಗಿ ನಾನು ಕೇಳೋದು ಕಡಿಮೆ ಬೆಲೆಯ ಯಂತ್ರವನ್ನೇ. ಕೆಜಿಎಫ್, ಬಂಗಾರಪೇಟೆ ಆಸ್ಪತ್ರೆಗೆ ಕೊಳ್ಳೋ ಮುಂಚೆ ನಮ್ಮ ಬಣ್ಣದ ಕೈಗಳ ಮೇಲೆ, ವಯಸ್ಸಾದ ಗಣಿ ಕಾರ್ಮಿಕರ ಬೆರಳುಗಳ ಮೇಲೆ ಪರೀಕ್ಷೆ ಮಾಡಿ, ರಿಪೋರ್ಟ್ ಗೋಡೆಗೆ ಅಂಟಿಸಲಿ. ಖರ್ಚು ಉಳಿಸೋದಾದ್ರೆ ಆ 709ರಲ್ಲಿ ಉಳಿಸಲಿ.

2021ರಲ್ಲಿ ಕೊಂಡ ಆಕ್ಸಿಮೀಟರ್ ಬಿಲ್ ಯಾರ ಮನೇಲಾದ್ರೂ ಇದ್ರೆ ಹೆಸರು ಮುಚ್ಚಿ ಫೋಟೋ ಡಿಎಂ ಮಾಡಿ. ತಾರೀಖು ಕಾಣಬೇಕು. ಜುಲೈ 20ಕ್ಕೆ ಮುಂಚಿನದೊಂದು, ಆಮೇಲಿನದೊಂದು ಪಕ್ಕಪಕ್ಕ ಹಾಕ್ತೀನಿ.