ಅಲ್ಪವಿರಾಮಕ್ಕೊಬ್ಬ ಕಾವಲುಗಾರ

ಚೀನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಪ್ರತಿಯೊಂದು ಅಕ್ಷರವೂ ಸಮಾನ ಅಳತೆಯ ಚೌಕವೊಂದರಲ್ಲಿ ಕೂರುತ್ತದೆ. ಅಲ್ಪವಿರಾಮಕ್ಕೂ ಪೂರ್ಣವಿರಾಮಕ್ಕೂ ಸಾಮಾನ್ಯವಾಗಿ ಇಡೀ ಒಂದು ಚೌಕ ಮೀಸಲು. ಇಂಥ ಶಿಸ್ತಿನ ಸಾಲಿನೊಳಗೆ ಇಂಗ್ಲಿಷ್ ಹೆಸರೋ ಅಂಕಿಯೋ ಬಂದು ಸೇರಿದೊಡನೆ ತೊಡಕು ಆರಂಭ. ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿದವರು ಮರಳಿ ಬದಲಿಸದಿದ್ದರೆ, ಪುಟ್ಟ ವೃತ್ತ ಇರಬೇಕಾದ ವಾಕ್ಯದ ಕೊನೆಯಲ್ಲಿ ಇಂಗ್ಲಿಷಿನ ಚುಕ್ಕೆ ಬಂದು ಕೂರುತ್ತದೆ.

ಇಂಥ ಲೋಪಗಳನ್ನು ಹುಡುಕಿ ತಿದ್ದಲೆಂದೇ ಕೆಲವು ತಂತ್ರಾಂಶಗಳಿವೆ. ‘ವ್ಯೂ’ ಎಂಬ ತಂತ್ರಾಂಶ ಚೌಕಟ್ಟಿನ ದಾಖಲೆಗಳ ಚೀನೀ ಅನುವಾದದಲ್ಲಿ ಬಳಕೆಯಾದ ‘ಝಡ್‌ಎಚ್‌ಲಿಂಟ್’ ಅವುಗಳಲ್ಲೊಂದು. ವಾಕ್ಯದ ಅರ್ಥ ಅದಕ್ಕೆ ಬೇಕಿಲ್ಲ. ವಿರಾಮಚಿಹ್ನೆ, ಉದ್ಧರಣ ಚಿಹ್ನೆ, ಆವರಣ, ಅಂತರ ಇಷ್ಟೇ ಅದರ ಅಧಿಕಾರವ್ಯಾಪ್ತಿ. ಕರಡು ತಿದ್ದುವವರ ಕಣ್ಣಿನ ಶ್ರಮವನ್ನು ಅದು ಎಷ್ಟು ಉಳಿಸುತ್ತದೆಂಬುದನ್ನು, ನೂರಾರು ಪುಟಗಳ ಅನುವಾದವನ್ನು ಹತ್ತು ಜನ ಹಂಚಿಕೊಂಡು ಮಾಡಿದಾಗ ಆಗುವ ಕಲಸುಮೇಲೋಗರ ಕಂಡವರು ಸುಲಭವಾಗಿ ಊಹಿಸಬಲ್ಲರು.

ಯಂತ್ರಕ್ಕೆ ಇಷ್ಟು ಧೈರ್ಯ ಬಂದದ್ದು ಅದರ ಹಿಂದಿರುವ ದೀರ್ಘ ಚರ್ಚೆಯಿಂದ. ಹು ಷಿ ಮೊದಲಾದವರು 1919ರಲ್ಲಿ ಹೊಸ ವಿರಾಮಚಿಹ್ನೆಗಳನ್ನು ಪ್ರಸ್ತಾಪಿಸಿದರು. ಮರುವರ್ಷವೇ ಶಿಕ್ಷಣ ಸಚಿವಾಲಯ ಅವನ್ನು ಜಾರಿಗೊಳಿಸಿತು. ವಿರಾಮಚಿಹ್ನೆಗಳ ಈಗಿನ ರಾಷ್ಟ್ರೀಯ ಮಾನಕ 2011ರದು. ತೈವಾನಿನಲ್ಲಿ ಅಲ್ಪವಿರಾಮ ಚೌಕದ ನಟ್ಟನಡುವೆ ಕೂರುತ್ತದೆ, ಚೀನಾದಲ್ಲಿ ಎಡ ಮೂಲೆಗೆ ಸರಿಯುತ್ತದೆ. ಆದರೂ ಅವರವರ ನೆಲದಲ್ಲಿ ನಿಯಮ ನಿಚ್ಚಳ.

ನನ್ನ ತಕರಾರಿರುವುದು ಬೇರೊಂದು ಕಡೆ. ಚೀನೀ ಅಕ್ಷರ ಮತ್ತು ರೋಮನ್ ಅಕ್ಷರಗಳ ನಡುವೆ ಜಾಗ ಬಿಡುವ ರೂಢಿಗೆ, ಭೂಮ್ಯಾಕಾಶಗಳನ್ನು ಬೇರ್ಪಡಿಸಿದ ಪುರಾಣಪುರುಷ ಪಾಂಗುವಿನ ಹೆಸರನ್ನೇ ಅಭಿಮಾನಿಗಳು ಇಟ್ಟಿದ್ದಾರೆ. (ಒಂದು ಸ್ಪೇಸ್ ಕೀಲಿಗೆ ಇಷ್ಟು ದೊಡ್ಡ ಬಿರುದು!) ಇದು ಎಲ್ಲರೂ ಒಪ್ಪಿದ ನಿಯಮವಲ್ಲ. ಕಣ್ಣಿಗೆ ಬೇಕಾದದ್ದು ಸುಮಾರು ಕಾಲು ಅಕ್ಷರದಷ್ಟು ತೆರಪು. ಅದನ್ನು ಒದಗಿಸುವುದು ಪುಟವಿನ್ಯಾಸದ ಕೆಲಸ. 2025ರಿಂದೀಚೆಗೆ ಪ್ರಮುಖ ಬ್ರೌಸರುಗಳೂ ಅದನ್ನು ಮಾಡಬಲ್ಲವು. ಹಾಗಿರುವಾಗ ಮೂಲಪಠ್ಯದೊಳಕ್ಕೇ ಜಾಗ ತುರುಕುವುದೇಕೆ? ಯಂತ್ರದ ಹುಡುಕಾಟಕ್ಕೆ ಜಾಗವಿರುವ ಪದಗುಚ್ಛವೂ ಇಲ್ಲದ್ದೂ ಬೇರೆಬೇರೆಯಾಗಿ ಕಾಣಬಹುದು. ತಂತ್ರಾಂಶ ಬರೆದವರು ಮೊದಲೇ ಗೊತ್ತುಪಡಿಸಿದ ಆಯ್ಕೆ, ಯಾರೂ ಪ್ರಶ್ನಿಸದಿದ್ದರೆ, ಕೆಲವೇ ವರ್ಷಗಳಲ್ಲಿ ವ್ಯಾಕರಣವಾಗಿ ಕೂರುತ್ತದೆ.

ಇದು ನಮಗೆ ಸಂಬಂಧವಿಲ್ಲದ ಜಗಳವೆನ್ನಲಾಗದು. ‘2011ರಲ್ಲಿ’ ಎಂದು ಕೂಡಿಸಿ ಬರೆಯುವವರೂ ‘2011 ರಲ್ಲಿ’ ಎಂದು ಬಿಡಿಸುವವರೂ ಕನ್ನಡದಲ್ಲಿದ್ದಾರೆ. ಬಿಡಿಸಿದರೆ ಸಾಲಿನ ಕೊನೆಯಲ್ಲಿ ಅಂಕಿ ಉಳಿದು, ಪ್ರತ್ಯಯವೊಂದೇ ಮುಂದಿನ ಸಾಲಿಗೆ ಜಾರುತ್ತದೆ. ನನ್ನ ಮತ ಕೂಡಿಸುವುದಕ್ಕೆ. ಒಪ್ಪದವರು ತಮ್ಮ ಕಾರಣ ಹೇಳಲಿ. ಪತ್ರಿಕೆಗಳು, ಪ್ರಕಾಶಕರು, ಪಠ್ಯಪುಸ್ತಕ ರಚಿಸುವವರು ಒಟ್ಟಿಗೆ ಕುಳಿತು ತೀರ್ಮಾನಿಸಲಿ. ಕನ್ನಡಕ್ಕೆ ಇಂಥ ತಂತ್ರಾಂಶ ಬರೆಯುವವರ ಕೈಗೆ ಕೊಡಬೇಕಾದದ್ದು ಆ ತೀರ್ಮಾನವನ್ನು.