ಬಂದದ್ದು ಉಳಿಯಬೇಕು



ಆಗಸ್ಟ್ ತಿಂಗಳು ಬಂದೊಡನೆ ನಾವು ಸ್ವಾತಂತ್ರ್ಯವೀರರನ್ನು ಸ್ಮರಿಸುತ್ತೇವೆ. ಅದು ನಮ್ಮ ಧರ್ಮವೇ ಸರಿ. ಆದರೆ ಸ್ವರಾಜ್ಯವು ವೀರರ ಪ್ರಾಣಾರ್ಪಣೆಯಿಂದ ಮಾತ್ರವಲ್ಲ, ಹೆಸರಿಲ್ಲದ ಅಸಂಖ್ಯ ಕೈಗಳ ನಿತ್ಯಶ್ರಮದಿಂದಲೂ ದೊರೆಯಿತೆಂಬುದನ್ನು ಮರೆಯಲಾಗದು.

1924ರ ಡಿಸೆಂಬರ್ ತಿಂಗಳಲ್ಲಿ ನಮ್ಮ ನೆರೆಯ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಸದಸ್ಯನಾಗಬಯಸುವವನು ತಿಂಗಳಿಗೆ 2000 ಗಜ ಕೈನೂಲನ್ನು ತಾನೇ ನೂತು, ಇಲ್ಲವೇ ಅನ್ಯರಿಂದ ನೂಲಿಸಿ ಒಪ್ಪಿಸಬೇಕೆಂಬ ನಿಯಮಕ್ಕೆ ಅಲ್ಲಿ ಸಮ್ಮತಿ ದೊರೆಯಿತು. ಮರುವರ್ಷವೇ ಆ ನಿಯಮ ಸಡಿಲವಾಯಿತಾದರೂ, ದುಡಿಯದವನಿಗೆ ಸ್ವರಾಜ್ಯದ ಅಧಿಕಾರವಿಲ್ಲವೆಂಬ ಅದರ ಭಾವ ದೊಡ್ಡದು. ಕಾಯಕತತ್ತ್ವವನ್ನು ಬಲ್ಲ ನಮಗೆ ಇದು ಹೊಸ ಮಾತೇನಲ್ಲ. ಹರ್ಡೇಕರ ಮಂಜಪ್ಪನವರು ಬಸವತತ್ತ್ವವನ್ನೂ ಗಾಂಧೀಮಾರ್ಗವನ್ನೂ ಜೊತೆಜೊತೆಯಾಗಿ ಬೋಧಿಸಿದ್ದು ಈ ಕಾರಣದಿಂದಲೇ.

ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದಾಗ ಇನ್ನೂ ಹದಿಹರೆಯದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಅವರೊಂದಿಗೆ ಗುಂಡಿಗೆ ಎದೆಯೊಡ್ಡಿದರು. ಪತ್ನಿ ಸಿದ್ಧಮ್ಮನವರೂ ಸೆರೆಮನೆಯನ್ನು ಕಂಡವರು. ಒಂದು ಮನೆಗೆ ಮನೆಯೇ ನಾಡಿಗಾಗಿ ಸವೆದ ಉದಾಹರಣೆಯಿದು.

ಬಾಲ್ಯದಲ್ಲಿ ನಾನು ಮಠದ ಪ್ರಸಾದನಿಲಯದಲ್ಲಿದ್ದಾಗ ವಯೋವೃದ್ಧರೊಬ್ಬರು ಲಿಂಗಪೂಜೆ ಮುಗಿಸಿ, ತಕಲಿ ಹಿಡಿದು ನೂಲುತ್ತ ಕೂಡುತ್ತಿದ್ದರು. “ಅಜ್ಜಾರ, ಸ್ವಾತಂತ್ರ್ಯ ಬಂದಾದ ಮ್ಯಾಲೂ ಯಾಕ ನೂಲತೀರಿ?” ಎಂದು ಒಮ್ಮೆ ಕೇಳಿದೆ. ನೂಲಿನಿಂದ ಕಣ್ಣೆತ್ತದೆ, “ತಮ್ಮಾ, ಬಂದದ್ದು ಉಳೀಬೇಕಲ್ಲ” ಎಂದರು. ಅಂದು ಅರ್ಥವಾಗದ ಆ ಮಾತು ಇಂದು ಅರ್ಥವಾಗುತ್ತಿದೆ.

ಧಾರವಾಡ ತಾಲೂಕಿನ ಗರಗವು ಶ್ರೀ ಮಡಿವಾಳೇಶ್ವರರ ನೆಲೆಯೆಂದು ನಮಗೆಲ್ಲ ಪೂಜ್ಯ. ಅದೇ ಗರಗವು ರಾಷ್ಟ್ರಧ್ವಜದ ಖಾದಿಬಟ್ಟೆಗೂ ಹೆಸರಾದುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 2006ರಿಂದ ಮಾನಕ ಸಂಸ್ಥೆಯ ಪರವಾನಿಗೆಯೊಡನೆ ಧ್ವಜವನ್ನು ಸಿದ್ಧಪಡಿಸುತ್ತಿದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮ ಹಳ್ಳಿಗಳ ತಾಯಂದಿರು. 2021ರ ಡಿಸೆಂಬರ್‌ದಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಧ್ವಜವು ಬಡವನ ಮನೆಗೂ ತಲುಪಿದ್ದು ಸಂತೋಷವೇ. ಆದರೆ ಖಾದಿಧ್ವಜದ ಬೇಡಿಕೆ ಕುಗ್ಗಿ, ನೂಲುವ ಕೈಗಳಿಗೆ ಚಿಂತೆ ಹತ್ತಿತು.

ಅಗ್ಗದ ಧ್ವಜ ಕೊಂಡವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಶಕ್ತಿಯುಳ್ಳ ಸದ್ಭಕ್ತರು ವರ್ಷಕ್ಕೊಮ್ಮೆಯಾದರೂ ಖಾದಿಯ ಬಟ್ಟೆಯೊಂದನ್ನು ಕೊಳ್ಳಲಿ. ಮಕ್ಕಳನ್ನು ಒಮ್ಮೆ ಗರಗಕ್ಕೋ ಬೆಂಗೇರಿಗೋ ಕರೆದೊಯ್ದು ಆ ದುಡಿಮೆಯನ್ನು ತೋರಿಸಲಿ. ಮೇಲೆ ಹಾರುವ ಧ್ವಜಕ್ಕೆ ವಂದಿಸುವ ಮಗು, ಅದನ್ನು ನೂತ ತಾಯಿಗೂ ಕೈಮುಗಿಯುವುದನ್ನು ಕಲಿಯಲಿ. ಬಂದದ್ದು ಉಳಿಯುವುದು ಹಾಗೆ.